ಹೆಡ್ ಕೆಲಸ ಆದಮೇಲೂ ಗಾಡಿ ಬಿಸಿಯಾದರೆ: ಮೂರು ಉಪಕರಣ, ಯಾವುದಕ್ಕೆ ದುಡ್ಡು ಹಾಕಬೇಕು?

ಹೊಸ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹಾಕಿ ಎರಡೇ ದಿನಕ್ಕೆ ಟೆಂಪರೇಚರ್ ಮುಳ್ಳು ಮೇಲೇರಿದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: 'ಗ್ಯಾಸ್ಕೆಟ್ ಮತ್ತೆ ಹೋಯ್ತು'. ಎಷ್ಟೋ ಸಲ ಹೋಗಿರುವುದಿಲ್ಲ. ಹೆಡ್ ಇಳಿಸುವಾಗ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಬಸಿದಿರುತ್ತಾರೆ. ಮತ್ತೆ ತುಂಬುವಾಗ ಹೆಡ್ಡಿನ ಮೇಲ್ಭಾಗದಲ್ಲೂ ಹೀಟರ್ ಕೋರಿನಲ್ಲೂ (ಕ್ಯಾಬಿನ್ ಬಿಸಿಮಾಡುವ ಪುಟ್ಟ ರೇಡಿಯೇಟರ್) ಗಾಳಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಸ್ಪಿಲ್-ಫ್ರೀ ಫನಲ್, ಪ್ರೆಶರ್ ಟೆಸ್ಟರ್, ಬ್ಲಾಕ್ ಟೆಸ್ಟರ್ ಈ ಮೂರರಲ್ಲಿ ಮೊದಲು ಕೊಳ್ಳಬೇಕಾದದ್ದು ಅತಿ ಸಾದಾ ಆಗಿರುವ ಫನಲ್.

ನೋಡಲು ಬರೀ ಪ್ಲಾಸ್ಟಿಕ್ ಲಾಳಿಕೆ. ಆದರೆ ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರುವ ಅಡಾಪ್ಟರ್ ಇರುವುದರಿಂದ ಇಡೀ ಸಿಸ್ಟಮ್ಮಿನಲ್ಲಿ ಅದೇ ಎತ್ತರದ ಜಾಗವಾಗುತ್ತದೆ, ಗಾಳಿ ತಾನಾಗಿ ಅಲ್ಲಿಗೆ ಬರುತ್ತದೆ. ಎಂಜಿನ್ ತಣ್ಣಗಿರುವಾಗ ಕೂರಿಸಿ, ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ನಿಲ್ಲಿಸಿ, ಲಾಳಿಕೆಯನ್ನು ಮೂರನೇ ಒಂದು ಭಾಗ ಕೂಲೆಂಟಿನಿಂದ ತುಂಬಿ. ಎ.ಸಿ. ಆಫ್, ಹೀಟರ್ ಪೂರ್ತಿ ಬಿಸಿಗೆ. ಥರ್ಮೋಸ್ಟಾಟ್ (ಕೂಲೆಂಟ್ ಬಿಸಿಯಾದಾಗ ತೆರೆಯುವ ವಾಲ್ವ್) ತೆರೆದು ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಐಡಲ್‌ನಲ್ಲಿ ಬಿಡಿ. ನಡುನಡುವೆ ಮೇಲಿನ ಹೋಸನ್ನು ದಪ್ಪ ಬಟ್ಟೆಯಿಂದ ಹಿಡಿದು ಹಿಸುಕಿ. ಮುಳ್ಳು ಮೇಲೇರಿದರೂ ಹೀಟರಿನಿಂದ ತಣ್ಣನೆ ಗಾಳಿಯೇ ಬರುತ್ತಿದ್ದರೆ ಏರ್ ಲಾಕ್, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ, ಇನ್ನೂ ಬಿಟ್ಟಿಲ್ಲ. ಮೊದಮೊದಲು ಗುಳ್ಳೆ ಬರುವುದು ಸಹಜ. ಅರ್ಧ ಗಂಟೆಯಾದರೂ ನಿಲ್ಲದೆ, ಆಕ್ಸಿಲರೇಟರ್ ಒತ್ತಿದಷ್ಟೂ ಹೆಚ್ಚಾದರೆ ಮಾತ್ರ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಇರುವ ಗಾಡಿಯಲ್ಲಿ ಅದನ್ನು ತೆರೆಯದೆ ಫನಲ್ ಒಂದನ್ನೇ ನಂಬಿ ಕೂತರೆ ಪ್ರಯೋಜನವಿಲ್ಲ.

ಕೂಲೆಂಟ್ ಸಿಸ್ಟಮ್ಮಿಗೆ ಗಾಳಿ ಪಂಪ್ ಮಾಡಿ ಸೋರಿಕೆ ಹುಡುಕುವ ಪ್ರೆಶರ್ ಟೆಸ್ಟರ್ ಕಿಟ್ ಗ್ಯಾರೇಜಿನವರಿಗೆ ಸರಿ. ವರ್ಷಕ್ಕೊಮ್ಮೆ ಬಳಸುವವರಿಗೆ ಬೇಡ. ರೇಡಿಯೇಟರ್ ಕ್ಯಾಪ್ ಮೇಲೆ ಬರೆದಿರುವಷ್ಟೇ, ಉದಾಹರಣೆಗೆ 0.9 ಅಥವಾ 1.1 ಬಾರ್, ಪಂಪ್ ಮಾಡಬೇಕು. ಮೀರಿದರೆ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕೋ ಹೀಟರ್ ಕೋರೋ ಬಿರಿಯಬಹುದು. ಹೋಸ್ ಹಿಗ್ಗುವುದರಿಂದ ಮೊದಲು ಕಿಟ್ಟಿನ ಮೀಟರಿನ ಮುಳ್ಳು ಚೂರು ಇಳಿಯುತ್ತದೆ, ಅದು ಲೆಕ್ಕಕ್ಕಿಲ್ಲ. ಆಮೇಲೆ 15 ನಿಮಿಷ ಕದಲಬಾರದು. ಇಳಿಯುತ್ತಿದ್ದು ಹೊರಗೆಲ್ಲೂ ತೇವ ಕಾಣದಿದ್ದರೆ ಹೀಟರ್ ಕೋರ್ ಸೋರುತ್ತಿದೆಯೇ ಎಂದು ಮುಂದಿನ ಸೀಟಿನ ಕಾರ್ಪೆಟ್ ಮುಟ್ಟಿ ನೋಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿಗೆ ನೀರು ಇಳಿದಿದೆಯೇ ನೋಡಿ. ಅಗ್ಗದ ಕಿಟ್‌ಗಳಲ್ಲಿ ಪಂಪಿನ ವಾಲ್ವೇ ಸೋರುವುದುಂಟು, ತಪ್ಪು ಗಾಡಿಯದ್ದೆಂದು ಕಾಣುತ್ತದೆ. ಅದೇ ಕಿಟ್‌ನಲ್ಲಿ ರೇಡಿಯೇಟರ್ ಕ್ಯಾಪನ್ನೂ ಪರೀಕ್ಷಿಸಬಹುದು ಎಂಬುದು ದೊಡ್ಡ ಲಾಭ. ಕ್ಯಾಪ್ ಒತ್ತಡ ಹಿಡಿಯದಿದ್ದರೆ ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಬರೀ ನೀರು ತುಂಬಿಸಿ, ಸ್ಪ್ರಿಂಗ್ ಸೋತ ಕ್ಯಾಪ್ ಹಾಕಿದರೆ ಒಳ್ಳೆಯ ಗ್ಯಾಸ್ಕೆಟ್ ಇದ್ದರೂ ಉಕ್ಕುತ್ತದೆ.

ಬ್ಲಾಕ್ ಟೆಸ್ಟರ್ ಕೊನೆಗೆ. ನೀಲಿ ದ್ರವದ ಮೂಲಕ ರೇಡಿಯೇಟರ್ ಬಾಯಿಯ ಗಾಳಿ ಎಳೆದಾಗ, ಗ್ಯಾಸ್ಕೆಟ್ ಸೋರಿ ಬಂದ ಉರಿದ ಅನಿಲದ ಕಾರ್ಬನ್ ಡೈಆಕ್ಸೈಡ್ ಅದರಲ್ಲಿದ್ದರೆ ಪೆಟ್ರೋಲ್ ಗಾಡಿಯಲ್ಲಿ ಆ ದ್ರವ ಹಳದಿಯಾಗುತ್ತದೆ. ಸರಿಯಾಗಿ ಬಳಸಿದರೆ ಇದರಷ್ಟು ನೇರವಾದ ಉತ್ತರ ಬೇರೆ ಯಾವುದೂ ಕೊಡದು. ತಪ್ಪಾಗಿ ಬಳಸುವವರೇ ಹೆಚ್ಚು. ಕೂಲೆಂಟನ್ನು ಬಾಯಿಯಿಂದ ಸುಮಾರು 5 ಸೆಂ.ಮೀ. ಕೆಳಗಿಳಿಸದಿದ್ದರೆ ಅದು ಟ್ಯೂಬಿಗೆ ನುಗ್ಗಿ ದ್ರವ ಕೆಡುತ್ತದೆ. ಮುಚ್ಚಿದ ಶೆಡ್‌ನಲ್ಲಿ ಮಾಡಿದರೆ ಸೈಲೆನ್ಸರ್ ಹೊಗೆಯಿಂದಲೇ ಬಣ್ಣ ಬದಲಾದೀತು. ಬಣ್ಣ ಬದಲಾಗದಿದ್ದರೆ ಅದೇ ದ್ರವವನ್ನು ಸೈಲೆನ್ಸರ್ ಹತ್ತಿರ ಹಿಡಿದು ಗಾಳಿ ಎಳೆಯುವ ರಬ್ಬರ್ ಬಲ್ಬ್ ಹಿಸುಕಿ. ಆಗಲೂ ನೀಲಿಯೇ ಉಳಿದರೆ ದ್ರವ ಹಳತಾಗಿದೆ, ಪರೀಕ್ಷೆ ಲೆಕ್ಕಕ್ಕಿಲ್ಲ. ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಬಳಸುವುದರಿಂದ ಸಣ್ಣ ಲೀಕ್ ತಪ್ಪಿಸಿಕೊಳ್ಳುತ್ತದೆ.

ಹಳದಿ ಬಂತೆಂದು ಹೆಡ್ ಬಿಚ್ಚಿದರೆ ಫೇಸಿಂಗ್ (ಹೆಡ್ಡಿನ ಮುಖ ಸಮತಟ್ಟಾಗಿದೆಯೇ) ಮತ್ತು ಬೋಲ್ಟ್ ಟಾರ್ಕ್ (ಬೋಲ್ಟ್ ಬಿಗಿದ ಬಲ) ನೋಡಬೇಕು. ನೀಲಿಯೇ ಉಳಿದು ಬಿಸಿಯೂ ನಿಲ್ಲದಿದ್ದರೆ ಥರ್ಮೋಸ್ಟಾಟ್ ತಿರುವುಮುರುವಾಗಿ ಕೂತಿದೆಯೇ, ಅದರ ಜಿಗಲ್ ಪಿನ್ (ಗಾಳಿ ಬಿಡುವ ಪುಟ್ಟ ಪಿನ್) ಮೇಲ್ಮುಖವಾಗಿದೆಯೇ, ಫ್ಯಾನ್ ಸಾಕೆಟ್ ಹಾಕಲು ಮರೆತಿದ್ದಾರೆಯೇ ನೋಡಿ. ಇವಕ್ಕೆ ಯಾವ ಕಿಟ್ಟೂ ಬೇಕಿಲ್ಲ. ಬ್ಲಾಕ್ ಟೆಸ್ಟರ್ ಕೊಳ್ಳುವುದೇ ಆದರೆ ದ್ರವದ ಬಾಟಲಿ ಬಿಡಿಯಾಗಿಯೂ ಸಿಗುವಂಥದ್ದನ್ನೇ ತೆಗೆದುಕೊಳ್ಳಿ.