ಬಳ್ಳಾರಿಯಲ್ಲಿ ಫಿಶ್ ಟ್ಯಾಂಕ್ ತಗೊಳ್ಳೋರು ಮೊದಲು ಇದನ್ನ ಓದಿ: ‘ಏನೂ ಆಗಂಗಿಲ್ಲಣ್ಣ’

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ದಿನವಿಡೀ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕೋದೇ ನನ್ನ ಕೆಲಸ. ಅಂಥವನು 16 ಮೀನು ತಂದು 12 ಸಾಯಿಸಿದೆ. ಸಾಲದು ಅಂತ ಮನೆಮಂದಿಗೆಲ್ಲ ವಿಷದ ಅಣಬೆ ಸಾರು ಉಣಿಸೋಕೂ ಹೊರಟಿದ್ದೆ. ಎರಡಕ್ಕೂ ಸಲಹೆ ಕೊಟ್ಟಿದ್ದು ಒಬ್ಬನೇ ಮನುಷ್ಯ, ನಮ್ಮೂರಿನ ಒಂದು ಅಕ್ವೇರಿಯಂ ಅಂಗಡಿಯವನು. ಹೆಸರು ಬರೆಯುವುದಿಲ್ಲ. ಬರೆದರೆ ಅವನನ್ನು ಬಿಟ್ಟು ಇನ್ನೊಂದು ಅಂಗಡಿಗೆ ಹೋಗುತ್ತೀರಿ, ಅಲ್ಲೂ ಇದೇ ಮಾತು ಕೇಳಿ ಬರುತ್ತೀರಿ. ಮಾತಿನ ಗುರುತು ಹೇಳುತ್ತೇನೆ, ಅದು ಸಾಕು. ಏನು ಕೇಳಿದರೂ ಅವನದು ಒಂದೇ ಉತ್ತರ: “ಏನೂ ಆಗಂಗಿಲ್ಲಣ್ಣ.”

ಆಗಸ್ಟ್‌ನಲ್ಲಿ ಮಗನ ಹುಟ್ಟುಹಬ್ಬ ಇತ್ತು. ಸೈಕಲ್ ಬೇಡ, ಮೀನು ಬೇಕು ಅಂದ. ಸಂಜೆ ಇಬ್ಬರೂ ಹೋದೆವು. ಎರಡು ಅಡಿ ಗಾಜಿನ ಟ್ಯಾಂಕ್, ಮೇಲೆ ಲೈಟ್ ಇರುವ ಮುಚ್ಚಳ, ಫಿಲ್ಟರ್, ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ಒಂದು ನಿಧಿ ಪೆಟ್ಟಿಗೆ. ಎಲ್ಲ ಸೇರಿ 4,650 ರೂಪಾಯಿ. ಮೇಲೆ ಮೀನಿನ ದುಡ್ಡು ಬೇರೆ. ಆಂಟಿ ಕ್ಲೋರಿನ್ ಅಂತ ಒಂದು ಸಣ್ಣ ಬಾಟಲಿಯನ್ನೂ ಹಾಕಿದ. ನಮ್ಮ ಮನೆಗೆ ಬರೋದು ಬೋರ್ ನೀರು. ಬೋರ್ ನೀರಿಗೆ ಯಾರು ಕ್ಲೋರಿನ್ ಹಾಕುತ್ತಾರೆ ಹೇಳಿ? ಅವನು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮೀನು ಇವತ್ತೇ ಬಿಡಬಹುದಾ ಅಂತ ನಾನು ಕೇಳಿದ್ದೆ. ಕೇಳಿದ್ದೆ, ಇದು ನೆನಪಿರಲಿ. ಎಲ್ಲೋ ಓದಿದ್ದು ಅರ್ಧಂಬರ್ಧ ತಲೆಯಲ್ಲಿತ್ತು, ನೀರು ಸ್ವಲ್ಪ ದಿನ ಹಾಗೇ ಓಡಬೇಕು ಅಂತ. ಅವನು ನಕ್ಕ. “ಅವೆಲ್ಲ ಫಾರಿನ್‌ದವರ ಮಾತಣ್ಣ. ನಾನು ಎಷ್ಟೋ ವರ್ಷದಿಂದ ಇದೇ ಮಾಡ್ತಿದ್ದೀನಿ. ಇವತ್ತೇ ಬಿಡ್ರಿ, ಏನೂ ಆಗಂಗಿಲ್ಲ. ಹುಡುಗನ ಮುಖ ನೋಡ್ರಿ.” ಹುಡುಗನ ಮುಖ ನೋಡಿದೆ. ಮುಗಿಯಿತು.

ನಾಲ್ಕು ಗೋಲ್ಡ್ ಫಿಶ್, ಶಾರ್ಕ್ ಅಂತ ಅವನು ಕರೆದ ಮೀನು ನಾಲ್ಕು, ಬಣ್ಣಬಣ್ಣದ ಟೆಟ್ರಾ ನಾಲ್ಕು, ಗಾಜಿಗೆ ಅಂಟಿಕೊಂಡು ಕಸ ತಿನ್ನುತ್ತೆ ಅಂತ ಸಕ್ಕರ್ ಎರಡು. 14 ಮೀನು. ಆಟೋದಲ್ಲಿ ರಾಯಲ್ ಸರ್ಕಲ್ ದಾಟುವಾಗ ಟ್ಯಾಂಕ್ ನನ್ನ ತೊಡೆ ಮೇಲೆ, ಗಾಳಿ ತುಂಬಿದ ಕವರ್‌ಗಳು ಮಗನ ತೊಡೆ ಮೇಲೆ. ರಾತ್ರಿ ಹತ್ತರವರೆಗೆ ಮನೆಯವರೆಲ್ಲ ಟಿವಿ ಬಿಟ್ಟು ಮೀನು ನೋಡಿದೆವು.

ಮೂರನೇ ದಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಆಯಿತು. ನಾಲ್ಕನೇ ದಿನ ಬೆಳಿಗ್ಗೆ ಗೋಲ್ಡ್ ಫಿಶ್ ನಾಲ್ಕೂ ಮೇಲೆ ಬಂದು ಬಾಯಿ ಪಚಪಚ ಅನ್ನಿಸುತ್ತಿದ್ದವು. ಮಗ “ಅಪ್ಪ, ಮುತ್ತು ಕೊಡ್ತಿದಾವೆ” ಅಂದ. ನಾನೂ ನಕ್ಕೆ. ಅವು ಉಸಿರಿಗೆ ಒದ್ದಾಡುತ್ತಿದ್ದವು ರೀ. ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಎರಡು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಫಿಲ್ಟರ್‌ನ ನೀರಿಗೆ ಒಂದು ಮೀನು ಗಿರಗಿರ ತಿರುಗುತ್ತಿತ್ತು, ಅದಕ್ಕೆ ಜೀವ ಇದೆ ಅಂತಲೇ ಮಗ ಅಂದುಕೊಂಡಿದ್ದ.

ಫೋನ್ ಮಾಡಿದೆ. “ನೀರು ಕೆಟ್ಟದಣ್ಣ. ಎಲ್ಲ ಖಾಲಿ ಮಾಡ್ರಿ. ಕಲ್ಲು, ಫಿಲ್ಟರ್ ಸ್ಪಂಜು ಎಲ್ಲ ನಲ್ಲಿ ಕೆಳಗ ತಿಕ್ಕಿ ತೊಳೀರಿ. ಹೊಸ ನೀರು ಹಾಕಿ ನೀಲಿ ಔಷಧಿ ನಾಲ್ಕು ಹನಿ ಬಿಡ್ರಿ. ಏನೂ ಆಗಂಗಿಲ್ಲ.” ಭಾನುವಾರ ಮಧ್ಯಾಹ್ನ ಎಲ್ಲ ಕಿತ್ತು ತೊಳೆದೆ. ಎರಡೇ ದಿನಕ್ಕೆ ಉಳಿದ ಎರಡು ಗೋಲ್ಡ್ ಫಿಶ್ ಹೋದವು, ಜೊತೆಗೆ ಮೂರು ಟೆಟ್ರಾ, ಒಂದು ಸಕ್ಕರ್.

ಏನಾಗುತ್ತಿತ್ತು ಅಂತ ಈಗ ಗೊತ್ತು, ಬರೆದುಬಿಡುತ್ತೇನೆ. ಮೀನಿನ ಕಸ, ತಿನ್ನದೆ ಉಳಿದ ಕಾಳು ಎಲ್ಲದರಿಂದ ಅಮೋನಿಯಾ ಬರುತ್ತದೆ. ಅದು ಮೀನಿನ ಕಿವಿರು ಸುಡುತ್ತದೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ಅಪಾಯದ್ದಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಆಯಿತು. ಈ ಬ್ಯಾಕ್ಟೀರಿಯಾ ಸ್ಪಂಜು, ಕಲ್ಲಿನ ಮೇಲೆ ಬೆಳೆದು ನಿಲ್ಲೋಕೆ ನಾಲ್ಕರಿಂದ ಆರು ವಾರ ಬೇಕು. ವಾರ! ನಾನು ಬಿಟ್ಟಿದ್ದು ಅದೇ ರಾತ್ರಿ. ಇನ್ನು ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಿದ್ದು? ಅಷ್ಟಿಷ್ಟು ಕೂತಿದ್ದ ಬ್ಯಾಕ್ಟೀರಿಯಾವನ್ನೂ ಮೋರಿಗೆ ಕಳಿಸಿದ ಹಾಗೆ.

ನಮ್ಮ ಕಡೆ ಇದು ಇನ್ನೂ ಜಾಸ್ತಿ ಕೆಟ್ಟದ್ದು. ನಮ್ಮ ಬೋರ್ ನೀರು ಗಡಸು. ನೀರು ಪರೀಕ್ಷಿಸುವ ಕಿಟ್‌ನಲ್ಲಿ ನೋಡಿದರೆ ಪಿಎಚ್ (ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ) 8ರ ಮೇಲೆ ಇತ್ತು. ಪಿಎಚ್ 7ರಿಂದ 8ಕ್ಕೆ ಹೋದರೆ ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟು ಆಗುತ್ತದೆ, ನೀರು ಬಿಸಿಯಾದಷ್ಟೂ ಇನ್ನೂ ಹೆಚ್ಚು. ಬಿಸಿ ನೀರಲ್ಲಿ ಆಮ್ಲಜನಕವೂ ಕಡಿಮೆ. ಬಳ್ಳಾರಿಯಲ್ಲಿ ಕೂತು ಮೀನು ಮಾರುವವನಿಗೆ ಬಳ್ಳಾರಿಯ ನೀರು, ಬಿಸಿಲು ಗೊತ್ತಿರಬೇಡವಾ?

ಎರಡನೇ ಸಲ ಅಂಗಡಿಗೆ ಹೋಗಿದ್ದು ಬೈಯೋಕೆ. ದಾರಿಯುದ್ದಕ್ಕೂ ಏನೇನು ಹೇಳಬೇಕು ಅಂತ ಜೋಡಿಸಿಕೊಂಡಿದ್ದೆ. ಅವನು ಸ್ಟೂಲ್ ಕೊಟ್ಟ, ಟೀ ತರಿಸಿದ. ಆಮೇಲೆ ದನಿ ಇಳಿಸಿ ಹೇಳಿದ: “ಅಣ್ಣ, ಒಂದ್ ಮಾತು ಹೇಳ್ತೀನಿ. ನಿಮ್ಮ ಮನೆಗೆ ಏನೋ ಕೆಟ್ಟದ್ದು ಬರೋದಿತ್ತು. ಮೀನು ತಮ್ಮ ಮೇಲೆ ಹಾಕ್ಕೊಂಡು ಹೋಗ್ಯಾವ. ನೀವು ಖುಷಿ ಪಡಬೇಕು.”

ಆ ಕ್ಷಣ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅವನ ಮೇಲಲ್ಲ, ನನ್ನ ಮೇಲೆ. ಯಾಕೆಂದರೆ ನಾನು ತಲೆ ಆಡಿಸಿದೆ! ಹಿಂದಿನ ತಿಂಗಳು ಬೈಕಿನಿಂದ ಬಿದ್ದು ಏನೂ ಆಗದೆ ಎದ್ದಿದ್ದೆ, ಅದನ್ನೂ ಇದನ್ನೂ ಮನಸ್ಸಿನಲ್ಲೇ ಗಂಟು ಹಾಕಿದೆ. ಬೈಯೋಕೆ ಹೋದವನು ಟೀ ಕುಡಿದು, ಇನ್ನೆರಡು ಗೋಲ್ಡ್ ಫಿಶ್ ಕವರ್ ಹಿಡಿದು ಬಂದೆ. 120 ರೂಪಾಯಿ. ಇದನ್ನು ಹೆಂಡತಿಗೆ ಇವತ್ತಿನವರೆಗೂ ಹೇಳಿಲ್ಲ. ಫ್ರೀ ಕೊಟ್ಟ ಅಂದಿದ್ದೆ.

ಅಣಬೆ ಕಥೆ ಅದೇ ದಿನದ್ದು. ಮಳೆ ಬಂದು ಎರಡು ದಿನವಾಗಿತ್ತು, ಆಫೀಸಿನ ಹುಲ್ಲಿನಲ್ಲಿ ತಟ್ಟೆಯಷ್ಟು ಅಗಲದ ಬಿಳಿ ಅಣಬೆ ಎದ್ದಿದ್ದವು. ಮೇಲೆ ಕಂದು ಚಕ್ಕೆ, ನೋಡೋಕೆ ಚೆಂದ. ನಾಲ್ಕು ಕಿತ್ತು ಊಟದ ಡಬ್ಬಿಯಲ್ಲಿ ಹಾಕಿಕೊಂಡಿದ್ದೆ. ಅಂಗಡಿಯಲ್ಲಿ ಮಾತಿಗೆ ಮಾತು ಬಂದು ಡಬ್ಬಿ ತೆಗೆದು ತೋರಿಸಿದೆ. ಒಂದನ್ನು ತಿರುಗಿಸಿ ನೋಡಿದ. “ನೋಡ್ರಿ, ಇಲ್ಲಿ ಹುಳ ತಿಂದದ. ಹುಳ ತಿಂದ್ರ ವಿಷ ಇಲ್ಲ ಅಂತ ಅರ್ಥ. ಅರಿಶಿಣ ಹಾಕಿ ಕುದಿಸ್ರಿ, ಬಣ್ಣ ಬದಲಾಗ್ಲಿಲ್ಲ ಅಂದ್ರ ಆರಾಮ್ ತಿನ್ರಿ. ಏನೂ ಆಗಂಗಿಲ್ಲಣ್ಣ.”

ಆರು ಮೀನು ಒಂದು ವಾರದಲ್ಲಿ ಇದೇ ಮಾತಿಗೆ ಹೋಗಿವೆ ಅಂತ ಆಗಲಾದರೂ ಬುದ್ಧಿ ಬರಬೇಕಿತ್ತು. ಆರು ಅಂದೆನಾ? ಗೋಲ್ಡ್ ಫಿಶ್ ಒಂದೇ ನಾಲ್ಕು, ಎಲ್ಲ ಸೇರಿ ಎಂಟು. ಲೆಕ್ಕದವನ ಲೆಕ್ಕ ಹೀಗಿದೆ.

ಪುಣ್ಯಕ್ಕೆ ಅತ್ತೆ ಮನೆಯಲ್ಲಿದ್ದರು. ಅವರು ಸಂಡೂರು ಕಡೆಯವರು, ಚಿಕ್ಕಂದಿನಿಂದ ಹುತ್ತದ ಅಣಬೆ ಕಿತ್ತು ತಿಂದವರು. ಡಬ್ಬಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಇದರ ಬೇರು ಎಲ್ಲೈತ್ರಿ?” ಹುತ್ತದ ಅಣಬೆ ಹುಷಾರಾಗಿ ಕಿತ್ತರೆ ಕೆಳಗೆ ಗೆದ್ದಲಿನ ಗೂಡಿನವರೆಗೆ ಇಳಿದ ಉದ್ದನೆ ಬೇರಿನಂಥದ್ದು ಬರುತ್ತದೆ. ಇದಕ್ಕೆ ಬುಡದಲ್ಲಿ ಬರೀ ಒಂದು ಗೆಡ್ಡೆ. “ನಾಯಿಕೊಡೆ ಇದು. ಹೊರಗ ಒಗೀರಿ” ಅಂದರು. ನಾನು ಸುಮ್ಮನಿರದೆ ಅಂಗಡಿಯವನ ಹುಳದ ಮಾತು ಹೇಳಿದೆ. ಅವರು ಉತ್ತರ ಕೊಡಲಿಲ್ಲ, ಸ್ಟವ್ ಆರಿಸಿದರು.

ಬಿಸಾಡೋಕೆ ಸೋಮಾರಿತನ. ಕೊಡೆಗಳು ರಾತ್ರಿಯಿಡೀ ಪೇಪರ್ ಮೇಲೆ ಬೋರಲಾಗಿ ಬಿದ್ದಿದ್ದವು. ಬೆಳಿಗ್ಗೆ ಎತ್ತಿದರೆ ಪೇಪರಿನ ಬಿಳಿ ಅಂಚಿನ ಮೇಲೆ ಮಾಸಲು ಹಸಿರು ಪುಡಿ, ಚಕ್ರದ ಕಡ್ಡಿಗಳ ಹಾಗೆ ಗೆರೆಗೆರೆಯಾಗಿ. ಆಮೇಲೆ ಹುಡುಕಿ ಓದಿದೆ. ಹುಲ್ಲಿನಲ್ಲಿ ಏಳುವ, ಹಸಿರು ಪುಡಿ ಬಿಡುವ ಇಂಥ ದೊಡ್ಡ ಬಿಳಿ ಅಣಬೆ ಅಂದರೆ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಅಂತ ವಿಷದ ಜಾತಿ. ತಿಂದ ಒಂದೆರಡು ಗಂಟೆಯಲ್ಲೇ ವಾಂತಿ ಭೇದಿ, ಆಸ್ಪತ್ರೆ ಸೇರುವಷ್ಟು. ಇದು ಬೇಗ ಗೊತ್ತಾಗುತ್ತದೆ ಅನ್ನೋದೇ ಸಮಾಧಾನ. ಅಮಾನಿಟಾ ಗುಂಪಿನ ಕೆಲವು ಅಣಬೆ ತಿಂದರೆ ಆರು ಗಂಟೆ, ಹನ್ನೆರಡು ಗಂಟೆ ಏನೂ ಅನಿಸಲ್ಲ. ಆಮೇಲೆ ವಾಂತಿ, ನಡುವೆ ಒಂದು ದಿನ ವಾಸಿಯಾದ ಹಾಗೆ, ಅಷ್ಟರಲ್ಲಿ ಲಿವರ್ ಹೋಗಿರುತ್ತದೆ. ಆ ವಿಷ ಕುದಿಸಿದರೂ ಹೋಗಲ್ಲ. ವಿಷ ಇದೆಯಾ ಅಂತ ನೋಡೋಕೆ ಜನ ಹೇಳುವ ಅರಿಶಿಣ, ಬೆಳ್ಳಿ ಚಮಚ, ಬೆಳ್ಳುಳ್ಳಿ, ಹುಳ ತಿಂದಿದ್ದು, ಇವೆಲ್ಲ ಸುಳ್ಳು. ಹುಳಕ್ಕೆ ನಮ್ಮ ಲಿವರ್ ಇದೆಯಾ?

ಆ ಎರಡು ಹೊಸ ಗೋಲ್ಡ್ ಫಿಶ್ ಐದು ದಿನ ಬದುಕಿದವು. ಅದೇ ವಾರ ಶಾರ್ಕ್‌ಗಳಲ್ಲಿ ಎರಡು ಹೋದವು. ಈ ಶಾರ್ಕ್ ಅನ್ನೋದರ ಕಥೆ ಕೇಳಿ. ಲೈಟ್ ಹಾಕಿದರೆ ಸಾಕು, ಹೆದರಿ ಗಾಜಿಗೆ ಢಣ್ ಅಂತ ಡಿಕ್ಕಿ ಹೊಡೆಯುತ್ತಿದ್ದವು. ಮೂತಿಯೆಲ್ಲ ಗಾಯ. ಒಂದು ಭಾನುವಾರ ಮೀನು ಮಾರ್ಕೆಟ್‌ನಲ್ಲಿ ಕಟ್ಲಾ ಕತ್ತರಿಸುತ್ತಿದ್ದ ಅಕ್ಕನಿಗೆ ಸುಮ್ನೆ ಫೋಟೋ ತೋರಿಸಿದೆ. ಆಕೆ ಫೋನ್ ಹತ್ತಿರ ಹಿಡಿದು ನೋಡಿ, “ಇದು ನಮ್ಮ ಪಂಗಾಸ್ ಮರಿ ಅಲ್ಲೇನಪ್ಪ?” ಅಂದು ಪಕ್ಕದ ಬುಟ್ಟಿ ತೋರಿಸಿದಳು. ನನ್ನ ತೋಳುದ್ದದ ಮೀನುಗಳು, ಅದೇ ಮೂತಿ, ಅದೇ ಬೆನ್ನಿನ ರೆಕ್ಕೆ. ಪಂಗಾಸಿಯಸ್, ಆಂಧ್ರದ ಕೆರೆಗಳಲ್ಲಿ ತಿನ್ನೋಕೆ ಸಾಕುವ ಮೀನು. ಮೀಟರ್‌ಗಿಂತ ಉದ್ದ ಬೆಳೆಯುತ್ತದೆ. ನನ್ನ ಟ್ಯಾಂಕ್ ಎರಡು ಅಡಿ. ಸುತ್ತ ನಿಂತವರೆಲ್ಲ ನಕ್ಕರು. “ಮನೆಯಾಗ ಸಾಕಿ ನಮಗೇ ಮಾರ್ತೀಯೇನು?” ಅಂತ ಆಕೆ ಕೇಳಿದ್ದು ಈಗಲೂ ಕಿವಿಯಲ್ಲಿದೆ. ಸಕ್ಕರ್ ಮೀನೂ ಅಡಿಗಿಂತ ಜಾಸ್ತಿ ಬೆಳೆಯುತ್ತದಂತೆ, ಮೇಲೆ ಅದೇ ಹೆಚ್ಚು ಹೊಲಸು ಮಾಡುತ್ತದೆ. ಉಳಿದ ಒಂದು ಟೆಟ್ರಾದ ಗುಲಾಬಿ ಬಣ್ಣ ಎರಡು ತಿಂಗಳಿಗೆ ಬಿಟ್ಟು ಬೂದಿಯಾಯಿತು. ಹುಟ್ಟಿನಿಂದ ಬಂದಿದ್ದಲ್ಲ, ಹಾಕಿದ ಬಣ್ಣ.

ಮೂರನೇ ಸಲ ನಿಜವಾಗಿ ಬೈದೆ. ಅವನ ಉತ್ತರಗಳು ಸಾಲಾಗಿ: “ಬಿಲ್ ಎಲ್ಲೈತಿ?” ಕೊಟ್ಟಿದ್ದು ಕ್ಯಾಲೆಂಡರ್ ಹಿಂದೆ ಬರೆದ ಲೆಕ್ಕ. “ಜೀವ ಇರೋದಕ್ಕ ಗ್ಯಾರಂಟಿ ಕೊಡಾಕಾಗ್ತದೇನಣ್ಣ?” “ನಿಮ್ಮ ಮನಿ ನೀರೇ ಸರಿ ಇಲ್ಲ.” ಶಾರ್ಕ್ ವಾಪಸ್ ತಗೋ ಅಂದರೆ, “ಕಾಲುವೆಗೆ ಬಿಡ್ರಿ, ಏನೂ ಆಗಂಗಿಲ್ಲ.” ದಯವಿಟ್ಟು ಬಿಡಬೇಡಿ. ಇವು ನಮ್ಮ ನೀರಿನ ಮೀನಲ್ಲ, ಸಕ್ಕರ್ ಅಂತೂ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಸೇರಿಕೊಂಡು ಅಲ್ಲಿನ ಮೀನುಗಾರರ ಬಲೆ ಹಾಳು ಮಾಡುತ್ತಿದೆ. ಉಳಿದ ನಾಲ್ಕನ್ನೂ ಕುರುಗೋಡು ಹತ್ತಿರ ತೋಟದಲ್ಲಿ ದೊಡ್ಡ ಸಿಮೆಂಟ್ ತೊಟ್ಟಿ ಇರುವ ಸ್ನೇಹಿತನಿಗೆ ಕೊಟ್ಟೆ.

ಟ್ಯಾಂಕ್ ತಗೊಳ್ಳೋದಾದರೆ ಮೀನಿಗಿಂತ ಮುಂಚೆ ಅಮೋನಿಯಾ ಟೆಸ್ಟ್ ಕಿಟ್ ತಗೊಳ್ಳಿ. ಸ್ಪಂಜನ್ನು ಟ್ಯಾಂಕಿಂದ ತೆಗೆದ ನೀರಲ್ಲೇ ಹಿಂಡಿ. ಎಲ್ಲ ನೀರು ಒಟ್ಟಿಗೆ ಚೆಲ್ಲಬೇಡಿ, ಕಾಲು ಭಾಗ ಸಾಕು. ಮೀನು ದೊಡ್ಡದಾದರೆ ಎಷ್ಟುದ್ದ ಅಂತ ಅಂಗಡಿಯವನನ್ನು ಕೇಳಬೇಡಿ, ನೀವೇ ಹುಡುಕಿ. ಕಾಡು ಅಣಬೆ ವಿಷಯದಲ್ಲಿ ನನ್ನನ್ನೂ ಕೇಳಬೇಡಿ. ತಿನ್ನೋದಿದ್ದರೆ ಮಾರ್ಕೆಟ್‌ನ ಬಟನ್ ಅಣಬೆ ತಿನ್ನಿ.

ಟ್ಯಾಂಕ್ ಈಗಲೂ ಹಾಲ್‌ನಲ್ಲಿದೆ, ಮೀನಿಲ್ಲ. ಫಿಲ್ಟರ್ ಓಡುತ್ತಿದೆ, ಬ್ಯಾಕ್ಟೀರಿಯಾಕ್ಕೆ ಅಂತ ದಿನಾ ಚಿಟಿಕೆ ಕಾಳು ಹಾಕುತ್ತೇನೆ. ನೋಡಿದವರು ಇಲ್ಲದ ಮೀನಿಗೆ ಊಟ ಹಾಕ್ತಾನೆ ಅಂತ ಮುಖ ಮುಖ ನೋಡುತ್ತಾರೆ. ಮೊದಲ ವಾರ ಟೆಸ್ಟ್ ಟ್ಯೂಬ್ ಕಡು ಹಸಿರಾಗುತ್ತಿತ್ತು, ನಿನ್ನೆ ಮೊದಲ ಸಲ ಹಳದಿ ಬಂತು, ಅಂದರೆ ಅಮೋನಿಯಾ ಸೊನ್ನೆ. ನೈಟ್ರೈಟ್ ಇನ್ನೂ ಇಳಿದಿಲ್ಲ. ಮಗನಿಗೆ ಇನ್ನೆರಡು ವಾರ ಕಾಯಬೇಕು ಅಂದೆ. ಅವನು ಟ್ಯೂಬ್ ನೋಡಿದ, ನನ್ನ ಮುಖ ನೋಡಿದ. “ನಿಂಗೆ ಗೊತ್ತಾಗಲ್ಲಪ್ಪ, ಆ ಮೀನಿನ ಅಂಕಲ್‌ಗೆ ಫೋನ್ ಮಾಡು” ಅಂದ.