ಟ್ರಾಯ್ ದೂರು ವ್ಯವಸ್ಥೆ: ಕಾಗದದಲ್ಲಿ ಗಟ್ಟಿ, ಕೈಗೆ ಸಿಗುವಾಗ ಸಡಿಲು

ಕೇಳದ ಸೇವೆಗೆ ಮೊಬೈಲ್ ಬ್ಯಾಲೆನ್ಸ್ ಕಡಿತವಾದರೆ ‘ಟ್ರಾಯ್‌ಗೇ ಬರೀತೀನಿ’ ಅನ್ನುವವರು ಬಹಳ. ಟ್ರಾಯ್ ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಬರೆದರೆ ಆಗುವುದಿಷ್ಟೇ: ನಿಮ್ಮ ಪತ್ರ ಅದೇ ಕಂಪನಿಗೆ ರವಾನೆಯಾಗುತ್ತದೆ. ಬಿಡಿ ಗ್ರಾಹಕರ ದೂರನ್ನು ವಿಚಾರಿಸಿ ತೀರ್ಪು ಕೊಡುವ ಕೆಲಸವನ್ನು 1997ರ ಕಾಯ್ದೆ ಟ್ರಾಯ್‌ಗೆ ವಹಿಸಿಲ್ಲ. ಅದರ ಕೆಲಸ ನಿಯಮ ಮಾಡುವುದು.

ಆ ನಿಯಮ 2012ರದು, ಎರಡು ಹಂತದ್ದು. ಮೊದಲು ಕಂಪನಿಯ ದೂರು ಕೇಂದ್ರ. 198ಕ್ಕೆ ಕರೆ ಉಚಿತ. ಇಲ್ಲಿ ಪಡೆಯಲೇಬೇಕಾದದ್ದು ಡಾಕೆಟ್ ನಂಬರ್, ಅಂದರೆ ದೂರಿನ ನೋಂದಣಿ ಸಂಖ್ಯೆ. ಅದು ಎಸ್ಸೆಮ್ಮೆಸ್‌ನಲ್ಲಿ ಬರಬೇಕು. ಎಡವುವುದೂ ಇಲ್ಲೇ. ಮಾಹಿತಿಗೆಂದು ಇರುವ ಬೇರೆ ನಂಬರಿಗೆ ಕರೆ ಮಾಡಿ ಅರ್ಧ ಗಂಟೆ ಮಾತಾಡಿದರೂ, ಆ್ಯಪ್‌ನ ಚಾಟ್‌ನಲ್ಲಿ ಗೋಳು ತೋಡಿಕೊಂಡರೂ ಡಾಕೆಟ್ ಇಲ್ಲದಿದ್ದರೆ ದೂರು ಕೊಟ್ಟದ್ದಕ್ಕೆ ಗುರುತೇ ಇಲ್ಲ. ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬಂದು ಸಮಸ್ಯೆ ಹಾಗೇ ಉಳಿದರೆ ಆ ಸಂದೇಶವನ್ನು ಅಳಿಸಬೇಡಿ. ಮೇಲ್ಮನವಿಗೆ ಅದೇ ಆಧಾರ.

ಮೇಲ್ಮನವಿಗೆ 30 ದಿನ ಅವಕಾಶ, ಶುಲ್ಕವಿಲ್ಲ, 39 ದಿನದೊಳಗೆ ಇತ್ಯರ್ಥವಾಗಬೇಕು. ಆದರೆ ಮೇಲ್ಮನವಿ ಪ್ರಾಧಿಕಾರ ಯಾರದು? ಕಂಪನಿಯದೇ. ಅದಕ್ಕೆ ಸಲಹೆ ಕೊಡುವ ಸಮಿತಿಯ ಇಬ್ಬರಲ್ಲಿ ಒಬ್ಬರು ಗ್ರಾಹಕ ಸಂಘಟನೆಯವರು, ಇನ್ನೊಬ್ಬರು ಕಂಪನಿಯವರು. ಕೊನೆಯ ಮಾತು ಸಮಿತಿಯದಲ್ಲ. ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದು.

ಕಿರಿಕಿರಿ ಕರೆ, ಎಸ್ಸೆಮ್ಮೆಸ್ ವಿಷಯದಲ್ಲಿ ಮಾತ್ರ ಟ್ರಾಯ್‌ಗೆ ಹೆಚ್ಚು ಅಂಕ ಕೊಡಬಹುದು. 1909 ನಂಬರ್ ಅಥವಾ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಕೊಡಲು ಮೊದಲು 3 ದಿನ ಇತ್ತು, 2025ರ ತಿದ್ದುಪಡಿಯಲ್ಲಿ 7 ದಿನವಾಗಿದೆ. ನೋಂದಾಯಿಸದ ಟೆಲಿಮಾರ್ಕೆಟರ್ ಮೇಲೆ ಕ್ರಮಕ್ಕೆ ಇದ್ದ 30 ದಿನ 5ಕ್ಕೆ ಇಳಿದಿದೆ. ಕಳಿಸಿದವರ ನಂಬರ್ ಅಥವಾ ಹೆಡರ್ (ಎಸ್ಸೆಮ್ಮೆಸ್‌ನಲ್ಲಿ ನಂಬರಿನ ಬದಲು ಕಾಣುವ ಹೆಸರು), ತಾರೀಖು, ಎರಡು ಸಾಲಿನ ವಿವರ ಕೊಟ್ಟರೆ ಸಾಕು. ಬ್ಯಾಂಕ್, ಪೊಲೀಸ್ ಹೆಸರಿನ ವಂಚನೆಯ ಕರೆಯಾದರೆ ಇಲ್ಲಿಗಲ್ಲ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿರುವ ‘ಚಕ್ಷು’ಗೆ, ದುಡ್ಡೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ.

ಮೇಲ್ಮನವಿಯಲ್ಲೂ ಸೋತರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರವಾಣಿ ವ್ಯಾಜ್ಯ ಅಲ್ಲಿ ನಡೆಯುವುದಿಲ್ಲ ಎಂದು ಕಂಪನಿಗಳು ವಾದಿಸುತ್ತಿದ್ದವು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಗಡುವು 2 ವರ್ಷ. ಡಾಕೆಟ್ ಬಂದ ಎಸ್ಸೆಮ್ಮೆಸ್, ಬಿಲ್, ಮೇಲ್ಮನವಿಯ ಉತ್ತರ ಮೂರನ್ನೂ ಅರ್ಜಿಯ ಜತೆ ಲಗತ್ತಿಸಿ.