ಹೊಸ ಪಿಸ್ತೂಲಿನಲ್ಲಿ ತೋಟಾ ಸಿಕ್ಕಿಕೊಂಡರೆ ಬ್ಯಾರಲ್ ಉಜ್ಜಲು ಹೋಗಬೇಡಿ

ಕೊಂಡು ಒಂದು ತಿಂಗಳೂ ಆಗದಿದ್ದ 9 ಎಂಎಂ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನ ಬ್ಯಾರಲ್ಲನ್ನು ನಾನು ನನ್ನ ಕೈಯಾರೆ ಹಾಳುಮಾಡಿಕೊಂಡೆ. ಆ ಬ್ಯಾರಲ್ಲಿನಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಾನು ಮಾಡಿದ್ದು ಹಣ ಕಳೆದುಕೊಳ್ಳುವ ತಪ್ಪಷ್ಟೇ ಆಗಿರಲಿಲ್ಲ. ಅಂಗೈಗೆ ಪೆಟ್ಟಾಗಬಹುದಾಗಿದ್ದ ತಪ್ಪು. ಇದೇ ತೊಂದರೆ ಎದುರಾಗಿ, ಇದೇ ಪರಿಹಾರವನ್ನು ಯೋಚಿಸುತ್ತಿರುವವರು ಕೆಲಸಕ್ಕೆ ಕೈ ಹಚ್ಚುವ ಮುನ್ನ ಇದನ್ನು ಓದಲಿ ಎಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಪಿಸ್ತೂಲಿನ ಜೊತೆ ಪೆಟ್ಟಿಗೆಯಲ್ಲಿ ತೋಟಾ ತುಂಬುವ ಎರಡು ಮ್ಯಾಗಜಿನ್‌ಗಳು ಬಂದಿದ್ದವು. ಮೊದಲ ದಿನ ರೇಂಜಿನಲ್ಲಿ ಹಾರಿಸಿದ 50 ತೋಟಾಗಳಲ್ಲಿ ಏಳು ಬಾರಿ ಪಿಸ್ತೂಲು ನಿಂತುಹೋಯಿತು. ಪ್ರತಿ ಸಲವೂ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ, ಪೂರ್ತಿ ಮುಂದೆ ಬರದೆ ಅರ್ಧದಲ್ಲೇ ನಿಲ್ಲುತ್ತಿತ್ತು. ಸ್ಲೈಡಿನ ತೆರೆದ ಕಿಂಡಿಯಿಂದ ನೋಡಿದರೆ ತೋಟಾದ ಮೂತಿ ಚೇಂಬರಿನ (ಬ್ಯಾರಲ್ಲಿನ ಹಿಂಭಾಗದಲ್ಲಿ ತೋಟಾ ಕೂರುವ ಜಾಗ) ಒಳಗೆ ಹೋಗದೆ ಅದರ ಕೆಳಗಿನ ಇಳಿಜಾರಿಗೆ, ಅಂದರೆ ಫೀಡ್ ರ‍್ಯಾಂಪಿಗೆ, ಒತ್ತಿಕೊಂಡು ನಿಂತಿರುತ್ತಿತ್ತು. ಮೂತಿ ತಾಗಿದ ಜಾಗವೇ ದೋಷದ ಜಾಗವೆಂದು ನಾನು ತೀರ್ಮಾನಿಸಿದೆ. ಕಣ್ಣಿಗೆ ಕಾಣುವುದು ಅದೊಂದೇ ಆದುದರಿಂದ ಹಾಗೆ ಅನ್ನಿಸುವುದು ಸಹಜ, ಆದರೆ ಅದು ತಪ್ಪು.

ತೋಟಾ ಒಳಗೆ ಹೋಗುವ ಕ್ರಿಯೆಯಲ್ಲಿ ಅನೇಕ ಭಾಗಗಳು ಕ್ಷಣಾರ್ಧದಲ್ಲಿ ಒಂದಕ್ಕೊಂದು ಹೊಂದಿಕೊಳ್ಳಬೇಕಾಗುತ್ತದೆ. ಗುಂಡು ಹಾರಿದ ರಭಸಕ್ಕೆ ಸ್ಲೈಡ್ ಹಿಂದೆ ಸರಿದು ಹಾರಿದ ತೋಟಾದ ಖಾಲಿ ಕೋಶವನ್ನು ಹೊರಗೆ ಎಸೆಯುತ್ತದೆ. ಅಷ್ಟರಲ್ಲಿ ಮ್ಯಾಗಜಿನ್‌ನ ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲಕ್ಕೆ ತಳ್ಳಿ, ಮ್ಯಾಗಜಿನ್‌ನ ಬಾಯಿಯ ಎರಡು ತುಟಿಗಳ ಕೆಳಗೆ ಸರಿಯಾದ ಕೋನದಲ್ಲಿ ನಿಲ್ಲಿಸಿರಬೇಕು. ರಿಕಾಯಿಲ್ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ನೂಕುವಾಗ ಆ ತೋಟಾ ತುಟಿಗಳಿಂದ ಬಿಡುಗಡೆಯಾಗಿ, ಇಳಿಜಾರನ್ನು ಏರಿ, ಅದರ ಬುಡದ ಅಂಚು ಖಾಲಿ ಕೋಶವನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಕೆಳಗೆ ಜಾರಿ, ಚೇಂಬರಿನಲ್ಲಿ ಕೂರಬೇಕು. ತುಟಿ ಸೊಟ್ಟಗಿರಲಿ, ಸ್ಪ್ರಿಂಗ್ ದುರ್ಬಲವಾಗಿರಲಿ, ಸ್ಲೈಡಿನ ಓಟ ನಿಧಾನವಾಗಿರಲಿ, ಕೊನೆಗೆ ತೋಟಾ ಹೋಗಿ ನಿಲ್ಲುವುದು ಆ ಇಳಿಜಾರಿನ ಮೇಲೆಯೇ.

ನಾನು ಇದನ್ನೆಲ್ಲ ಯೋಚಿಸಲಿಲ್ಲ. ರ‍್ಯಾಂಪಿನ ಮೇಲೆ ಯಂತ್ರದ ಸಣ್ಣ ಗೆರೆಗಳು ಕಾಣುತ್ತಿದ್ದವು. ರೇಂಜಿನಲ್ಲಿದ್ದ ಪರಿಚಿತರೊಬ್ಬರು ಅದನ್ನು ಸ್ವಲ್ಪ ಉಜ್ಜಿ ನಯಮಾಡಿದರೆ ಸರಿಹೋಗುತ್ತದೆ ಎಂದರು. ಮನೆಯಲ್ಲಿ ಕೈಯಲ್ಲಿ ಹಿಡಿದು ಕೆಲಸ ಮಾಡುವ ತಿರುಗುಚಕ್ರದ ವಿದ್ಯುತ್ ಉಪಕರಣವಿತ್ತು. ಅದಕ್ಕೆ ಮರಳುಕಾಗದದ ತುದಿ ಹಾಕಿ ಹತ್ತು ನಿಮಿಷ ಉಜ್ಜಿದೆ. ರ‍್ಯಾಂಪ್ ಕನ್ನಡಿಯಂತೆ ಹೊಳೆಯಿತು. ಅದಕ್ಕಿಂತಲೂ ದೊಡ್ಡ ತಪ್ಪು ಆಮೇಲಿನದು: ಫಲಿತಾಂಶ ನೋಡಬೇಕೆಂಬ ಆತುರದಲ್ಲಿ ಮನೆಯೊಳಗೇ ಜೀವಂತ ತೋಟಾಗಳನ್ನು ತುಂಬಿ, ಕೈಯಿಂದ ಸ್ಲೈಡ್ ಎಳೆದು ಬಿಟ್ಟು, ಅವನ್ನೇ ಮತ್ತೆ ಮತ್ತೆ ಒಳಗೆ ಹೊರಗೆ ಮಾಡಿದೆ. ಬೆರಳೊಂದು ಅರಿವಿಲ್ಲದೆ ಟ್ರಿಗರ್ ಮೇಲೆ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ಈಗ ನೆನೆಯಲೂ ಮನಸ್ಸಾಗುವುದಿಲ್ಲ. ಇಂಥ ಪರೀಕ್ಷೆಗೆಂದೇ ಮದ್ದಿಲ್ಲದ ಡಮ್ಮಿ ತೋಟಾಗಳು ಸಿಗುತ್ತವೆ. ಜೀವಂತ ತೋಟಾಗಳಿಗೆ ರೇಂಜಿನ ಹೊರಗೆ ಈ ಕೆಲಸದಲ್ಲಿ ಜಾಗವೇ ಇಲ್ಲ.

ಮುಂದಿನ ವಾರ ರೇಂಜಿಗೆ ಹೋದಾಗ ತೋಟಾ ಸಿಕ್ಕಿಕೊಳ್ಳುವುದು ನಿಂತಿರಲಿಲ್ಲ. ಹತ್ತು ಹನ್ನೆರಡು ಗುಂಡು ಹಾರಿಸಿದ ಮೇಲೆ ಅಲ್ಲಿನ ಹಿರಿಯ ತರಬೇತುದಾರರು ನೆಲದಲ್ಲಿ ಬಿದ್ದಿದ್ದ ನನ್ನ ಖಾಲಿ ಕೋಶವೊಂದನ್ನು ಎತ್ತಿ ನೋಡಿ, ತಕ್ಷಣ ಪಿಸ್ತೂಲು ಖಾಲಿ ಮಾಡಿ ಕೆಳಗಿಡಲು ಹೇಳಿದರು. ಹಿತ್ತಾಳೆಯ ಕೋಶದ ಬುಡದ ಹತ್ತಿರ, ಒಂದೇ ಬದಿಗೆ, ಬೆರಳಿಗೆ ಸಿಗುವಂಥ ಉಬ್ಬು ಇತ್ತು. ಉಳಿದ ಕೋಶಗಳಲ್ಲೂ ಅದೇ ಜಾಗದಲ್ಲಿ ಅದೇ ಉಬ್ಬು.

ಅವರು ವಿವರಿಸಿದ್ದು ಹೀಗೆ. 9 ಎಂಎಂ ತೋಟಾ ಸಿಡಿದಾಗ ಒಳಗೆ ಏಳಬಹುದಾದ ಒತ್ತಡಕ್ಕೆ ಯುರೋಪಿನ ಮಾನದಂಡ ನಿಗದಿಪಡಿಸಿರುವ ಗರಿಷ್ಠ ಮಿತಿ 2,350 ಬಾರ್. ತೆಳುವಾದ ಹಿತ್ತಾಳೆ ಅಷ್ಟನ್ನು ತಾನಾಗಿಯೇ ತಡೆಯಲಾರದು. ಸುತ್ತಲಿನ ಚೇಂಬರಿನ ಉಕ್ಕು ಅದಕ್ಕೆ ಆಸರೆ ಕೊಡುತ್ತದೆ. ನಾನು ನಯಗೊಳಿಸಿದೆನೆಂದುಕೊಂಡಿದ್ದಾಗ ವಾಸ್ತವವಾಗಿ ರ‍್ಯಾಂಪಿನ ಮೇಲಂಚನ್ನು ಚೇಂಬರಿನ ಒಳಭಾಗಕ್ಕೆ ತಿಂದುಹಾಕಿದ್ದೆ, ಆದ್ದರಿಂದ ಕೋಶದ ಬುಡದ ಕೆಳಭಾಗಕ್ಕೆ ಆಸರೆ ಇಲ್ಲದಂತಾಗಿತ್ತು. ಆ ಉಬ್ಬು ಹರಿದಿದ್ದರೆ ಬಿಸಿ ಅನಿಲ ಮ್ಯಾಗಜಿನ್ ಕೂರುವ ಪೊಳ್ಳಿನ ಮೂಲಕ, ಅಂದರೆ ಪಿಸ್ತೂಲನ್ನು ಹಿಡಿದ ಕೈಯೊಳಗೇ, ಸಿಡಿಯುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಮನೆಯಲ್ಲಿ ಹಲವು ಬಾರಿ ಒಳಗೆ ಹಾಕಿ ತೆಗೆದಿದ್ದ ತೋಟಾಗಳು ಇನ್ನೂ ನನ್ನ ಪೆಟ್ಟಿಗೆಯಲ್ಲಿದ್ದವು. ಅವರು ಕ್ಯಾಲಿಪರ್ ಇಟ್ಟು ಅಳೆದಾಗ ಅವುಗಳಲ್ಲಿ ಎರಡು, ಅದೇ ಪೆಟ್ಟಿಗೆಯ ಹೊಸ ತೋಟಾಗಳಿಗಿಂತ ಒಂದು ಮಿಲಿಮೀಟರಿಗೂ ಹೆಚ್ಚು ಗಿಡ್ಡವಾಗಿದ್ದವು. ಪ್ರತಿ ಸಲ ಮೂತಿ ರ‍್ಯಾಂಪಿಗೆ ಬಡಿದಾಗ ಗುಂಡು ಕೋಶದೊಳಕ್ಕೆ ಸ್ವಲ್ಪ ಸ್ವಲ್ಪವೇ ಇಳಿದಿತ್ತು. ಒಳಗಿನ ಜಾಗ ಕಡಿಮೆಯಾದಂತೆ ಸಿಡಿತದ ಒತ್ತಡ ಏರುತ್ತದೆ. ಆಸರೆ ಕಳೆದುಕೊಂಡ ಚೇಂಬರಿನಲ್ಲಿ, ಹೆಚ್ಚು ಒತ್ತಡದ ತೋಟಾ: ಈ ಎರಡನ್ನೂ ನಾನೇ ಸಿದ್ಧಮಾಡಿಕೊಂಡಿದ್ದೆ. ಆ ತೋಟಾಗಳನ್ನು ಹಾರಿಸದೆ ಅಲ್ಲಿಯೇ ವಿಲೇವಾರಿಗೆ ಕೊಟ್ಟೆ.

ಬಂದೂಕು ದುರಸ್ತಿ ಮಾಡುವ ಗನ್‌ಸ್ಮಿತ್ ಹೊಸ ಬ್ಯಾರಲ್ ಜೋಡಿಸಿದರು, ಆದರೆ ಅದಕ್ಕೂ ಮೊದಲು ಅವರು ಮಾಡಿದ ಕೆಲಸ ಎರಡು ಮ್ಯಾಗಜಿನ್‌ಗಳ ಬುಡದಲ್ಲಿ ಒಂದು, ಎರಡು ಎಂದು ಅಂಕಿ ಬರೆದದ್ದು. ಹೊಸ ಬ್ಯಾರಲ್ಲಿನಲ್ಲಿಯೂ ತೋಟಾ ಸಿಕ್ಕಿಕೊಂಡಿತು, ಪ್ರತಿ ಸಲವೂ ಎರಡನೆಯ ಮ್ಯಾಗಜಿನ್‌ನಲ್ಲೇ. ಅದರ ಎಡತುಟಿ ಒಳಕ್ಕೆ ಬಾಗಿತ್ತು, ಹೀಗಾಗಿ ತೋಟಾ ಬಿಡುಗಡೆಯಾಗಬೇಕಾದ ಕ್ಷಣದಲ್ಲಿ ಹಿಂಭಾಗ ಹಿಡಿದುಕೊಂಡು ಮೂತಿ ಕೆಳಕ್ಕೆ ವಾಲುತ್ತಿತ್ತು. ಬಳಪವೊಂದರಿಂದ ಒಂದು ನಿಮಿಷದಲ್ಲಿ ತಿಳಿಯಬಹುದಾಗಿದ್ದ ಸಂಗತಿಯಿದು. ನಾನು ಮೊದಲ ದಿನ ಯಾವ ಮ್ಯಾಗಜಿನ್‌ನಲ್ಲಿ ತೊಂದರೆಯಾಯಿತೆಂದು ಗಮನಿಸಿಯೇ ಇರಲಿಲ್ಲ.

ಇದರ ಜೊತೆಗೆ ಇನ್ನೆರಡು ಸಣ್ಣ ಕಾರಣಗಳೂ ಇದ್ದವು. ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡಿಯದಿರಲೆಂದು ಹಚ್ಚಿದ ಜಿಡ್ಡನ್ನು ಹಾರಿಸುವ ಮುನ್ನ ತೆಗೆದು, ಸ್ಲೈಡ್ ಓಡುವ ಹಳಿಗಳಿಗೆ ಹೊಸದಾಗಿ ತೆಳುವಾಗಿ ಎಣ್ಣೆ ಹಾಕಬೇಕೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು, ನಾನು ಓದಿರಲಿಲ್ಲ. ನನ್ನ ಹಿಡಿತವೂ ಸಡಿಲವಾಗಿತ್ತು. ಮಣಿಕಟ್ಟು ಬಿಗಿಯಾಗಿರದಿದ್ದರೆ ಸ್ಲೈಡಿನ ಜೊತೆಗೆ ಇಡೀ ಪಿಸ್ತೂಲೇ ಹಿಂದಕ್ಕೆ ಸರಿದು, ಸ್ಲೈಡಿಗೆ ಪೂರ್ತಿ ಓಟ ಸಿಗುವುದಿಲ್ಲ. ಇದು ನಿಮ್ಮದೇ ತೊಂದರೆಯೋ ಎಂದು ತಿಳಿಯಲು, ಅನುಭವಸ್ಥರೊಬ್ಬರಿಗೆ ಅದೇ ಪಿಸ್ತೂಲು, ಅದೇ ಮ್ಯಾಗಜಿನ್ ಕೊಟ್ಟು ಹಾರಿಸಲು ಕೇಳಿಕೊಳ್ಳಿ. ಸ್ಲೈಡನ್ನು ಕೈಯಿಂದ ಮೆಲ್ಲಗೆ ಮುಂದಕ್ಕೆ ಬಿಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಪೂರ್ತಿ ಹಿಂದಕ್ಕೆ ಎಳೆದು ಒಮ್ಮೆಲೇ ಬಿಟ್ಟಾಗಷ್ಟೇ ಸ್ಪ್ರಿಂಗಿನ ಪೂರ್ಣ ಶಕ್ತಿ ಕೆಲಸಕ್ಕೆ ಬರುತ್ತದೆ.

ತೋಟಾದ ಬಗೆಯನ್ನೂ ಬದಲಿಸಿ ನೋಡಬೇಕು. ದುಂಡು ಮೂತಿಯ, ಪೂರ್ತಿ ಲೋಹದ ಹೊದಿಕೆಯ ಗುಂಡುಗಳು ಸಾಮಾನ್ಯವಾಗಿ ಸುಲಭವಾಗಿ ಜಾರುತ್ತವೆ. ಟೊಳ್ಳು ಮೂತಿಯವು ಕೆಲವು ಪಿಸ್ತೂಲುಗಳಲ್ಲಿ ತಡೆಯುತ್ತವೆ. ಕಾರ್ಖಾನೆಯ ಹೊಸ ತೋಟಾಗಳನ್ನೇ, 115 ಗ್ರೇನ್ (ಗುಂಡಿನ ತೂಕದ ಅಳತೆ) ಒಂದು ಪೆಟ್ಟಿಗೆ, 124 ಗ್ರೇನ್ ಒಂದು ಪೆಟ್ಟಿಗೆ ಹಾರಿಸಿ, ಯಾವುದರಲ್ಲಿ ಯಾವ ಮ್ಯಾಗಜಿನ್ ಎಷ್ಟನೆಯ ತೋಟಾಕ್ಕೆ ನಿಂತಿತೆಂದು ಬರೆದಿಡಿ. ಹೊಸ ಪಿಸ್ತೂಲಿನ ರಿಕಾಯಿಲ್ ಸ್ಪ್ರಿಂಗ್ ಬಿರುಸಾಗಿರುತ್ತದೆ, ಮೊದಲ ಕೆಲವು ನೂರು ಗುಂಡುಗಳವರೆಗೆ ಆಗೊಮ್ಮೆ ಈಗೊಮ್ಮೆ ತಡೆ ಬಂದರೆ ಅದು ತಾನಾಗಿಯೇ ಹೋಗುವುದೂ ಉಂಟು.

ಸಿಕ್ಕಿಕೊಂಡದ್ದನ್ನು ಬಿಡಿಸುವಾಗ ಪಿಸ್ತೂಲಿನ ಮೂತಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ, ಮೊದಲು ಮ್ಯಾಗಜಿನ್ ತೆಗೆದು ಆಮೇಲೆ ಸ್ಲೈಡ್ ಎಳೆದು ಚೇಂಬರನ್ನು ಕಣ್ಣಿನಿಂದ ನೋಡಿ. ಹಾರಿದ ಸದ್ದು ಎಂದಿಗಿಂತ ಕ್ಷೀಣವಾಗಿದ್ದರೆ ಅದನ್ನು ತೋಟಾ ಒಳಹೋಗದ ತೊಂದರೆಯೆಂದು ತಿಳಿದು ಮತ್ತೊಂದು ತೋಟಾ ಹಾಕಬೇಡಿ. ಗುಂಡು ಬ್ಯಾರಲ್ಲಿನ ಒಳಗೇ ನಿಂತಿರಬಹುದು, ಅದರ ಹಿಂದೆ ಇನ್ನೊಂದು ಹಾರಿದರೆ ಬ್ಯಾರಲ್ ಸೀಳಬಹುದು.

ತಯಾರಕರು ಹಾಳಾದ ಬ್ಯಾರಲ್ಲಿಗೆ ವಾರಂಟಿ ಕೊಡಲು ಒಪ್ಪಲಿಲ್ಲ. ಮೂಲ ಭಾಗವನ್ನು ನಾನೇ ಬದಲಾಯಿಸಿದ್ದರಿಂದ ಅವರನ್ನು ದೂರುವಂತಿಲ್ಲ. ಬಾಗಿದ ಮ್ಯಾಗಜಿನ್ನನ್ನು ಮಾತ್ರ ಒಂದು ಪತ್ರ ಬರೆದದ್ದಕ್ಕೇ ಬದಲಿಸಿಕೊಟ್ಟರು. ಹೊಸ ಮ್ಯಾಗಜಿನ್‌ನಲ್ಲಿ ಇದುವರೆಗೆ ಸುಮಾರು 300 ತೋಟಾ ಹಾರಿಸಿದ್ದೇನೆ, ಒಮ್ಮೆಯೂ ನಿಂತಿಲ್ಲ. ಅದರ ಬುಡದಲ್ಲಿಯೂ ಎರಡು ಎಂದೇ ಬರೆದಿಟ್ಟಿದ್ದೇನೆ.